ಖಾಲಿ ಗುಳ್ಳೆ ಮತ್ತು ನಾನೂರು ದೇಶದವರು

ನನ್ನ ದನಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಜಂಬ ಎನ್ನುತ್ತೀರಿ. ನಾನು ಕೆಳಗಿನ ಬೀದಿಯಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಮೇಲಿನ ಬೀದಿಯ ಹೆಂಚುಗಳು ಸಾಲು ಬದಲಾಯಿಸಿ ಕೂರುತ್ತವೆ. ಒಂದು ಸಲ ಯಾರದೋ ತಲೆನೋವನ್ನು ಗಟ್ಟಿಯಾಗಿ ಓದಿದ್ದಕ್ಕೆ ಪಕ್ಕದ ತಾಲ್ಲೂಕಿನಲ್ಲಿ ಇಬ್ಬರು ಹಣೆಗೆ ಪಟ್ಟಿ ಕಟ್ಟಿಕೊಂಡರಂತೆ. ಮರಿಬಸಪ್ಪ ಎಂಬ ನನ್ನನ್ನು ಈ ಊರಿನವರು ಊರ ಓದುಗನನ್ನಾಗಿ ಮಾಡಿಕೊಂಡದ್ದು ಸುಮ್ಮನೆ ಅಲ್ಲ. ಬೇರೆ ಊರಿನವರು ನನ್ನನ್ನು ಹೊತ್ತುಕೊಂಡು ಹೋಗದಿರಲಿ ಎಂದು ಮೊದಮೊದಲು ರಾತ್ರಿ ಹಗಲು ಕಾವಲಿಟ್ಟಿದ್ದರು.

ನಮ್ಮೂರಿನಲ್ಲಿ ಯಾರಿಗೆ ಎಲ್ಲಿ ನೋವಾದರೂ ತಲೆಯ ಮೇಲೆ ಒಂದು ಬಿಳಿ ಗುಳ್ಳೆ ಏಳುತ್ತದೆ. ಏಳುವುದು ಥಟ್ಟನೆ, ಒಳಗೆ ಅಕ್ಷರ ಮೂಡಲು ಮಾತ್ರ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಬೇಕು. 'ಎಡ ಮೊಣಕಾಲು, ಕೂತು ಎದ್ದರೆ' ಎಂದೋ, 'ಹಿಂದಿನ ಹಲ್ಲು, ಹುಳುಕು' ಎಂದೋ ಮೂಡುತ್ತದೆ. ಮೂಡಿದ್ದನ್ನು ಎದುರಿಗಿದ್ದವರು ಗಟ್ಟಿಯಾಗಿ ಓದಬೇಕು. ಓದಿದರೆ ಗುಳ್ಳೆ ಕರಗುತ್ತದೆ. ನೋವು ಉಳಿದರೆ ಡಾಕ್ಟರ ಹತ್ತಿರ ಹೋಗಬಹುದು. ಕಂಡೂ ಓದದೆ ಮುಂದೆ ಹೋಗುವವನನ್ನು ನಮ್ಮಲ್ಲಿ ಮದುವೆಗೆ ಕರೆಯುವುದಿಲ್ಲ. ಬಾಗಿಲುಗಳನ್ನೆಲ್ಲ ಎತ್ತರ ಮಾಡಿಸಿದ್ದೇವೆ. ಊರ ಟಾಕೀಸಿನಲ್ಲಿ ಬೆನ್ನುನೋವಿನವರಿಗೆ ಹಿಂದಿನ ಸಾಲೇ ಖಾಯಂ. ಬೀದಿಯಲ್ಲಿ ಓದಿಸಿಕೊಳ್ಳಲು ನಾಚಿಕೆಯಾಗುವ ಕಾಯಿಲೆಯವರು ಕೊಡೆ ಹಿಡಿದು ಓಡಾಡುತ್ತಾರೆ. ಹಾಗಾಗಿ ಬಿಸಿಲು ಮಳೆ ಎರಡೂ ಇಲ್ಲದ ದಿನದಲ್ಲೂ ಛತ್ರಿ ಅಂಗಡಿಯ ಹಯಾತ್ ಸಾಬರಿಗೆ ಪುರುಸೊತ್ತಿರುವುದಿಲ್ಲ.

ಓದುಗನಾಗುವವನು ಒಂದು ಆಣೆ ಮಾಡಬೇಕು. ಗುಳ್ಳೆಯಲ್ಲಿ ಇದ್ದದ್ದಕ್ಕಿಂತ ಒಂದಕ್ಷರ ಹೆಚ್ಚು ಓದಕೂಡದು. ಆ ಆಣೆಯನ್ನು ನಾನು ಇವತ್ತಿನವರೆಗೂ ಮುರಿದಿಲ್ಲ. ಅದೊಂದರಲ್ಲಿ ಅಷ್ಟು ಕಟ್ಟುನಿಟ್ಟಾಗಿರುವುದರಿಂದ ಮಿಕ್ಕ ಎಲ್ಲದರಲ್ಲೂ ಬೆಳೆಸಿ ಹೇಳುವ ಹಕ್ಕು ನನಗಿದೆ ಎಂದು ತಿಳಿದಿದ್ದೇನೆ. ನನ್ನ ಗುಳ್ಳೆಗಳೂ ನನ್ನ ಹಾಗೇ. ಒಮ್ಮೆ ಕಾಲ್ಬೆರಳಿಗೆ ಮುಳ್ಳು ಚುಚ್ಚಿದಾಗ ಎದ್ದ ಗುಳ್ಳೆಯ ನೆರಳು ನಮ್ಮ ಬೀದಿಯ ಹಪ್ಪಳವನ್ನೆಲ್ಲ ಒಣಗಲು ಬಿಡಲಿಲ್ಲ. ಆ ಹಪ್ಪಳ ನನ್ನ ಹೆಂಡತಿ ಶಿವನಂಜಿಯದೇ. "ಮುಳ್ಳು ಇಷ್ಟೇ ಇಷ್ಟು, ಮೆರವಣಿಗೆ ನೋಡು!" ಎಂದು ಅವಳು ಗುಳ್ಳೆಯನ್ನು ಓದಿ ಕರಗಿಸಿದ್ದಳು.

ಇನ್ನು ಖಾಲಿ ಗುಳ್ಳೆ. ಕೆಲವರಿಗೆ ಗುಳ್ಳೆ ಏಳುತ್ತದೆ, ಕಾಫಿ ಆರಿ ತಣ್ಣಗಾದರೂ ಒಳಗೆ ಒಂದಕ್ಷರವೂ ಮೂಡುವುದಿಲ್ಲ. ಅದಕ್ಕೆ ನಮ್ಮೂರಿನ ಅರ್ಥ ಒಂದೇ: ನೋವಿಲ್ಲ, ನಾಟಕ. ಕೆಲಸ ತಪ್ಪಿಸಿಕೊಳ್ಳುವವರಿಗೆ, ಅತ್ತೆಯ ಮನೆಗೆ ಹೋಗಲೊಲ್ಲದವರಿಗೆ ಖಾಲಿ ಗುಳ್ಳೆ ಏಳುತ್ತದೆ ಎಂದು ಹಿರಿಯರು ತೀರ್ಮಾನಿಸಿದ್ದರು. ಜಗಳದಲ್ಲಿ ಒಬ್ಬರನ್ನೊಬ್ಬರು "ಹೋಗೋ ಖಾಲಿ ಗುಳ್ಳೆ!" ಎಂದರೆ ಅಲ್ಲಿಗೆ ಕೈ ಕೈ ಮಿಲಾಯಿಸಿಯೇ ಮುಗಿಯಬೇಕು. ಓದಲು ಏನೂ ಇಲ್ಲದ್ದರಿಂದ ಅದು ಕರಗುವುದೂ ಇಲ್ಲ.

ಅಂಥದೊಂದು ಗುಳ್ಳೆ ಆ ಬೇಸಿಗೆಯಲ್ಲಿ ಶಿವನಂಜಿಯ ತಲೆಯ ಮೇಲೆ ಎದ್ದು ನಿಂತಿತು.

ಅವಳದು ಹಪ್ಪಳದ ಕಸುಬು. ಲಟ್ಟಿಸಿ ಒಣಗಿಸಿ ಬುಟ್ಟಿಗೆ ತುಂಬಿ, ಕೆಳಗಿನ ಬೀದಿಯಿಂದ ಕಲ್ಲಿನ ಮೆಟ್ಟಿಲು ಹತ್ತಿ ಮೇಲಿನ ಸಂತೆಪೇಟೆಗೆ ಹೊತ್ತೊಯ್ಯುತ್ತಾಳೆ. ಆ ಮೆಟ್ಟಿಲುಗಳನ್ನು ಅವಳು ಹತ್ತುವ ವೇಗಕ್ಕೆ ಮೊದಲು ಮೇಕೆಗಳು ದಾರಿ ಬಿಡುತ್ತಿದ್ದವು. ಈಗ ನೋಡಿದರೆ ಮೆಟ್ಟಿಲಸಾಲಿನ ಮೇಲಿನ ಕಟ್ಟೆಯಲ್ಲಿ ಒಂದು ಸಲ ನಿಲ್ಲುತ್ತಾಳೆ. ಆಮೇಲೆ ನಡುವಿನ ಕಟ್ಟೆಯಲ್ಲೂ ನಿಲ್ಲತೊಡಗಿದಳು, ಅದೂ ದರ್ಜಿ ಚಿಕ್ಕೀರಪ್ಪನ ಅಂಗಡಿಯ ಮುಂದೆ. ನನಗೆ ಅನುಮಾನ ಬರದಿರುತ್ತದೆಯೇ? ಊರಿನಲ್ಲಿ ಅನುಮಾನ ಪಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಒಂದು ಬೆಳಿಗ್ಗೆ ನೀರಿನ ಡ್ರಮ್ಮಿನ ಹಿಂದೆ ಅವಿತು ನೋಡಿದೆ. ಅವಳು ಚಿಕ್ಕೀರಪ್ಪನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬುಟ್ಟಿ ಇಳಿಸಿ, ತನ್ನ ಕಾಲಬುಡವನ್ನೇ ನೋಡುತ್ತ, ದವಡೆಗೆ ಕೈ ಹಚ್ಚಿ ನಿಂತಿದ್ದಳು. ಹಾಗಾದರೆ ಬಾಯಲ್ಲಿ ಏನೋ ಬಚ್ಚಿಟ್ಟುಕೊಂಡಿದ್ದಾಳೆ, ನನಗೆ ಕೊಡದೆ ತಿನ್ನುತ್ತಿದ್ದಾಳೆ, ಮಿಠಾಯಿಯೇ ಇರಬೇಕು ಎಂದು ಗುಟ್ಟು ಪತ್ತೆ ಮಾಡಿದೆ. ಅಷ್ಟರಲ್ಲಿ ತಲೆಯ ಮೇಲಿನ ಗುಳ್ಳೆ ಇನ್ನಷ್ಟು ಉಬ್ಬಿತು. ಒಳಗೆ ಮಾತ್ರ ಏನೂ ಇಲ್ಲ.

ಡಾಕ್ಟರ್ ವಾಮನಮೂರ್ತಿಯವರ ಬೆಂಚಿನಲ್ಲೂ ಅವಳು ಕೂತು ಬಂದಳು. ನಮ್ಮೂರಿಗಿರುವುದು ಅವರೊಬ್ಬರೇ, ಒಳ್ಳೆಯವರು, ಸೂಜಿ ಚುಚ್ಚುವ ಮುಂಚೆ ತಾವೇ "ಅಮ್ಮಾ" ಎನ್ನುವ ಮನುಷ್ಯ. ಅವರು ಕನ್ನಡಕ ಏರಿಸಿ ಗುಳ್ಳೆ ನೋಡಿದರು. "ಏನಮ್ಮ, ಏನೂ ಬರೆದಿಲ್ಲವಲ್ಲ ಇದರಲ್ಲಿ?"

"ಹತ್ತುವಾಗ ಏನೋ ಆಯ್ತದೆ ಸ್ವಾಮಿ."

"ಏನಾಗುತ್ತೆ?"

"ನೋವು ಅಂತ ಏಳಕ್ಕಾಗಕಿಲ್ಲ. ಏನೋ ಆಯ್ತದೆ. ಇಲ್ಲಿ ಕುಂತ್ಮೇಲೆ ಇಲ್ಲ."

ಅವರು ಗ್ಯಾಸಿಗೆ ಬಿಳಿ ಮಾತ್ರೆ ಕೊಟ್ಟು ಕಳಿಸಿದರು. ಅವತ್ತಿನಿಂದ ಶಿವನಂಜಿ ಒಂದು ದೊಡ್ಡ ಕಪ್ಪು ಛತ್ರಿ ಹಿಡಿದೇ ಓಡಾಡತೊಡಗಿದಳು. ಆದರೂ ನಲ್ಲಿಯ ಹತ್ತಿರ ಹೆಂಗಸರು "ಮರಿಬಸಪ್ಪನ ಹೆಂಡ್ರಿಗೂ ಖಾಲಿ ಗುಳ್ಳೆಯಂತಲ್ಲವ್ವ" ಎನ್ನುವುದು ನಿಲ್ಲಲಿಲ್ಲ. ಊರ ಓದುಗನ ಮನೆಯಲ್ಲೇ ಓದಲಾಗದ ಗುಳ್ಳೆ! ನನ್ನ ಮೀಸೆಯ ಒಂದು ತುದಿ ಆ ವಾರವೇ ಕೆಳಗೆ ಬಾಗಿತು.

ಇಂಥ ಹೊತ್ತಿನಲ್ಲಿ ನಾನೂರು ದೇಶದವರು ಬಂದಿಳಿದರು. ಜಗತ್ತಿನಲ್ಲಿ ಇರುವುದೇ ಸುಮಾರು ಇನ್ನೂರು ದೇಶ ಎಂದು ಸ್ಕೂಲ್ ಮೇಷ್ಟ್ರು ವಾದ ಮಾಡುತ್ತಾರೆ. ಅವರು ಬಸ್ ನಿಲ್ದಾಣದಲ್ಲಿ ನಿಂತು ನೋಡಿದವರಲ್ಲ, ನಾನು ನೋಡಿದವನು. ಊರ ಟಾಕೀಸಿನ ಮುಂದೆ ಬಟ್ಟೆಯ ಫಲಕ ಕಟ್ಟಿದರು: 'ಆರೋಗ್ಯ ಸೇವೆಯಲ್ಲಿ ಕಾಮಿಕ್ಸ್: ಅಂತಾರಾಷ್ಟ್ರೀಯ ಸಮ್ಮೇಳನ'. ಇವರೆಲ್ಲ ಡಾಕ್ಟರುಗಳು, ನರ್ಸುಗಳು, ಚಿತ್ರ ಬರೆಯುವವರು. ಕಾಯಿಲೆಯ ಕಥೆಯನ್ನು ಚೌಕ ಚೌಕವಾಗಿ ಬರೆದು ರೋಗಿಗಳಿಗೂ ಡಾಕ್ಟರುಗಳಿಗೂ ತೋರಿಸುತ್ತಾರಂತೆ. ಅದಕ್ಕೆ ಒಂದು ಸಮ್ಮೇಳನ. ಅದಕ್ಕೆ ನಮ್ಮೂರೇ ಯಾಕೆ? ನನ್ನ ಕೀರ್ತಿ ಕೇಳಿಯೇ ಬಂದರು ಎಂದು ನಾನು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ, ಯಾಕೆಂದರೆ ನಂಬುವ ಸ್ಥಿತಿಯಲ್ಲಿ ಊರು ಇರಲಿಲ್ಲ.

ಬಂದವರ ತಲೆಯ ಮೇಲೆ ಒಂದೇ ಒಂದು ಗುಳ್ಳೆ ಇರಲಿಲ್ಲ.

"ನನ್ ಅಂಗಡೀಲಿ ಒಂದ್ ಛತ್ರೀನೂ ತಗಳ್ಳಿಲ್ಲ ಮರಿಬಸಪ್ಪಣ್ಣ" ಎಂದು ಹಯಾತ್ ಸಾಬರು ದನಿ ತಗ್ಗಿಸಿದರು. "ಇಷ್ಟ್ ಜನದಾಗೆ ಒಬ್ರಿಗೂ ಹಲ್ಲುನೋವಿಲ್ವಾ? ಮುದುಕಿ ಒಬ್ಳು ಕುಂಟ್ಕಂಡು ಇಳಿದ್ಲು, ಕಣ್ಣಾರೆ ಕಂಡೆ. ತಲೆ ಮ್ಯಾಲೆ ನೋಡಿದ್ರೆ ಏನೂ ಇಲ್ಲ!"

"ನೋವ ಎಲ್ಲೋ ಬಚ್ಚಿಟ್ಟು ಬಂದವ್ರೆ" ಎಂದರು ಪಂಚಾಯ್ತಿ ಅಧ್ಯಕ್ಷೆ ಕಮಲಾಕ್ಷಮ್ಮ. ಅವರು ಚುನಾವಣೆಯಲ್ಲಿ ಗೆದ್ದದ್ದೇ ಯಾರನ್ನೂ ನಂಬುವುದಿಲ್ಲ ಎಂಬ ಮಾತಿನ ಮೇಲೆ. "ಇಲ್ಲಾಂದ್ರೆ ನಮ್ಮವನ್ನ ಕದಿಯಕ್ ಬಂದವ್ರೆ. ಪೆಟ್ಟಿಗೆಗಳ ತುಂಬ ಕಾಗದ ತಂದವ್ರೆ, ಅದರಾಗೆಲ್ಲ ಗುಳ್ಳೆ ಬರ್ದವ್ರೆ. ಕೂಲಿಯೋನು ಇಣುಕಿ ನೋಡವ್ನೆ. ಅವ್ರ ಊರಾಗೆ ಗುಳ್ಳೆ ಇಲ್ಲ, ನಮ್ಮೂರಿಂದ ಹಿಡ್ಕಂಡು ಕಾಗದಕ್ಕೆ ಅಂಟಿಸ್ತಾರೆ. ನೀನು ಒಳಕ್ ಹೋಗಿ ನೋಡ್ಕಂಬಾ ಮರಿಬಸಪ್ಪ. ಸರಿಯಿಲ್ಲ ಅನ್ನಿಸ್ತೋ, ಸಂಜೇಗೆ ಊರಬಾಗ್ಲು ಹಾಕ್ಸಿ ಪೆಟ್ಟಿಗೆ ಎಲ್ಲ ಬಿಚ್ಚಿಸ್ತೀನಿ."

ಗೂಢಚಾರಿಕೆಗೆ ನನ್ನಂಥ ದನಿಯವನನ್ನು ಆರಿಸಿದ್ದು ಅವರ ಜಾಣತನಕ್ಕೆ ಸಾಕ್ಷಿ. ಮಧ್ಯಾಹ್ನದ ಊಟ ಪುಕ್ಕಟೆ ಎಂದು ಗೊತ್ತಾಗಿ ಊರಿನ ಅರ್ಧ ಜನ ನನ್ನ ಹಿಂದೆ ಗೂಢಚಾರರಾಗಿಯೇ ಬಂದರು. ಶಿವನಂಜಿಯೂ ಬಂದಳು. ಬೆಳಿಗ್ಗೆ ಅವಳು ಬುಟ್ಟಿ ಹೊರದೆ ಹೊಸ್ತಿಲ ಮೇಲೆ ಬಹಳ ಹೊತ್ತು ಕೂತಿದ್ದನ್ನು ನೋಡಿ ನಾನೇ, "ಏಳೇ, ಚಿತ್ರಾನ್ನ ಕೊಡ್ತಾರಂತೆ" ಎಂದಿದ್ದೆ. ಹೆಂಗಸರನ್ನು ಟಾಕೀಸಿನ ಬಾಲ್ಕನಿಗೆ ಕಳಿಸಿದರು. ಅವಳು ಛತ್ರಿ ಊರಿಕೊಂಡು, ಎರಡು ಕಡೆ ನಿಂತು, ಮೇಲೆ ಹೋದಳು.

ಒಳಗೆ ಗೋಡೆಯುದ್ದಕ್ಕೂ ಕಾಗದದ ಹಾಳೆಗಳು. ಆಸ್ಪತ್ರೆಯ ಮಂಚ, ಬೋಳುತಲೆಯ ಹುಡುಗಿ, ತನ್ನ ಮಗಳನ್ನೇ ಗುರುತಿಸದ ಮುದುಕಿ, ಸಕ್ಕರೆ ಕಾಯಿಲೆಯ ಅಡುಗೆಯವನು. ಎಲ್ಲರ ತಲೆಯ ಮೇಲೂ ಗುಳ್ಳೆ. ಗುಳ್ಳೆಯೊಳಗೆ ಗೊತ್ತಿಲ್ಲದ ಲಿಪಿ. ಈಗ ನಮ್ಮವರ ಫಜೀತಿ ಕೇಳಿ. ಓದದ ಗುಳ್ಳೆಯನ್ನು ಕಂಡು ಸುಮ್ಮನಿರಲು ನಮ್ಮಿಂದ ಆಗುವುದಿಲ್ಲ, ಕೈಕಾಲು ತುರಿಸುತ್ತವೆ. ಗೋಡೆಯ ತುಂಬ ಸಾವಿರಾರು ನರಳಾಟ, ಒಂದನ್ನೂ ಓದಲಾಗುತ್ತಿಲ್ಲ! ಹಯಾತ್ ಸಾಬರು ತಡೆಯಲಾರದೆ ಒಂದು ಗುಳ್ಳೆಯ ಮುಂದೆ ನಿಂತು "ಬ್ಬ... ಬ್ಬ..." ಎಂದು ಬಾಯಿಗೆ ಬಂದದ್ದು ಓದತೊಡಗಿದರು.

ಆ ಬಳಗದಲ್ಲಿ ನಮ್ಮ ಭಾಷೆ ಬಲ್ಲವಳು ಫರೀದಾ ಎಂಬ ಹುಡುಗಿ ಒಬ್ಬಳೇ. ಅವಳು ನಗು ತಡೆದುಕೊಂಡು ಒಂದೊಂದನ್ನೇ ಕನ್ನಡದಲ್ಲಿ ಹೇಳಿದಳು, ನಾನು ಗಟ್ಟಿಯಾಗಿ ಓದಿದೆ, ಊರು ನನ್ನ ಹಿಂದೆ ಉಸ್ಸೆಂದು ನಿಟ್ಟುಸಿರು ಬಿಟ್ಟಿತು. ಟಾಕೀಸಿನ ಸೂರು ಎರಡಂಗುಲ ಮೇಲೆದ್ದು ಕೂತಿತು. ಆದರೆ ಗೋಡೆ ನೋಡಿದರೆ ಗುಳ್ಳೆಗಳೆಲ್ಲ ಇದ್ದ ಹಾಗೇ ಇವೆ.

"ಓದಿದ್ರೂ ಕರಗ್ತಾ ಇಲ್ಲ!" ಎಂದು ಹಯಾತ್ ಸಾಬರು ಹಿಂದೆ ಸರಿದರು. "ಮಾಟ!"

ಮರೆವಿನ ಮುದುಕಿಯ ಹಾಳೆಯ ಪಕ್ಕದಲ್ಲಿ ಅದನ್ನು ಬರೆದವಳು ನಿಂತಿದ್ದಳು. ಇನೆಸ್ ಎಂದು ಹೆಸರು. ವಯಸ್ಸಾದ ನೀಳ ಹೆಂಗಸು, ಮೊದಲು ನರ್ಸಾಗಿದ್ದಳಂತೆ, ಬೆರಳ ತುದಿಗಳೆಲ್ಲ ಮಸಿ. ಬಸ್ಸಿನಿಂದ ಕುಂಟುತ್ತ ಇಳಿದವಳೂ ಇವಳೇ. "ಇದ್ಯಾಕೆ ಕರಗಲ್ಲ ಅಂತ ಕೇಳಮ್ಮ" ಎಂದೆ ಫರೀದಾಗೆ, ಕಮಲಾಕ್ಷಮ್ಮನವರ ಪರವಾಗಿ. ಅವರಿಬ್ಬರೂ ತಮ್ಮ ತಮ್ಮಲ್ಲಿ ಮಾತಾಡಿದರು. "ಇದು ಅವರಮ್ಮ" ಎಂದಳು ಫರೀದಾ. "ಅಮ್ಮ ಈಗಿಲ್ಲ. ಕರಗಬಾರದು ಅಂತಲೇ ಕಾಗದದಲ್ಲಿ ಬರೆದದ್ದು ಅಂತಾರೆ."

ಅರ್ಥವಾಗದಿದ್ದಾಗ ಅನುಮಾನ ಪಡುವುದೇ ಕ್ಷೇಮ ಎಂದು ಅನುಮಾನ ಪಟ್ಟೆ.

ಊಟದ ನಂತರ ಅನಾಹುತವಾಯಿತು. ಎಲ್ಲರ ಕೈಗೂ ಒಂದೊಂದು ಪೆನ್ಸಿಲು, ಒಂದೊಂದು ಹಾಳೆ ಹಂಚಿದರು. ಹಾಳೆಯಲ್ಲಿ ಸಾಲಾಗಿ ಚೌಕಗಳು, ಚೌಕದೊಳಗೆ ಒಂದೊಂದು ಗುಳ್ಳೆ. ಎಲ್ಲವೂ ಖಾಲಿ. ಕಮಲಾಕ್ಷಮ್ಮ ಎದ್ದು ನಿಂತರು. ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನಮ್ಮನ್ನ ಖಾಲಿ ಗುಳ್ಳೆ ಅಂತೀರಾ? ಊರಿಗ್ ಊರ್ನೇ? ಚಿತ್ರಾನ್ನ ಉಣ್ಣಕ್ಕೆ ಕೊಟ್ಟು ಖಾಲಿ ಗುಳ್ಳೆ ಅಂತೀರಾ?"

"ಅಯ್ಯೋ ಇಲ್ಲಮ್ಮ" ಎಂದು ಫರೀದಾ ಓಡಿಬಂದಳು. "ನೀವು ತುಂಬಿಸಲಿ ಅಂತ ಖಾಲಿ ಬಿಟ್ಟಿದ್ದು. ನಿಮಗೇನಾಗುತ್ತೆ ಅಂತ ನೀವೇ ಬರೀಬೇಕು."

"ನಾವೇ? ನಮ್ ಗುಳ್ಳೇನ ನಾವೇ ಬರ್ಕಳದಾ?" ಇದು ಇನ್ನೂ ಕೆಟ್ಟದಾಯಿತು. ತನ್ನ ಗುಳ್ಳೆಯಲ್ಲಿ ತಾನೇ ಬರೆಯುವುದೆಂದರೆ ನಮ್ಮೂರಿನಲ್ಲಿ ಕಳ್ಳನೋಟು ಮುದ್ರಿಸಿದ ಹಾಗೆ. ಕುರ್ಚಿಗಳು ಉರುಳಿದವು. ಜನ ಹಾಳೆಗಳನ್ನು ಅಲ್ಲೇ ಎಸೆದು, ಛತ್ರಿಗಳನ್ನು ಕತ್ತಿಯಂತೆ ಹಿಡಿದು ಹೊರಗೆ ನುಗ್ಗಿದರು. "ಊರಬಾಗ್ಲು ಹಾಕ್ರೋ! ಒಂದು ಪೆಟ್ಟಿಗೇನೂ ಆಚೆ ಹೋಗ್ಬಾರ್ದು!" ಎಂದು ಕಮಲಾಕ್ಷಮ್ಮ ಬೀದಿಯಲ್ಲಿ ಕೂಗುವುದು ಕೇಳಿಸಿತು.

ನಾನು ಶಿವನಂಜಿಯನ್ನು ಕರೆತರಲು ಬಾಲ್ಕನಿಗೆ ಹೋದೆ. ಬಾಲ್ಕನಿ ಖಾಲಿಯಾಗಿತ್ತು. ಕೊನೆಯ ಸಾಲಿನಲ್ಲಿ ಅವಳೊಬ್ಬಳೇ ಕೂತು, ಮೊಣಕಾಲಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದಳು. ಛತ್ರಿ ಮುಚ್ಚಿ ಪಕ್ಕಕ್ಕೆ ಒರಗಿಸಿದ್ದಳು. ತಲೆಯ ಮೇಲೆ ಆ ಖಾಲಿ ಗುಳ್ಳೆ ಯಾವ ಮುಚ್ಚುಮರೆಯೂ ಇಲ್ಲದೆ ನಿಂತಿತ್ತು.

"ಏನ್ ಮಾಡ್ತಿದ್ದೀಯೇ? ಊರೆಲ್ಲ ಎದ್ದು ಹೋಯ್ತು!"

"ಹೋಗ್ಲಿ ಬುಡು" ಎಂದಳು, ತಲೆಯೆತ್ತದೆ. "ಇಷ್ಟ್ ದಿನದಾಗೆ ಒಬ್ರಾದ್ರೂ ನಿಂಗೇನಾಯ್ತದೆ ಬರಿ ಅಂದಿದ್ರಾ? ಇವ್ರು ಅಂದವ್ರೆ. ಬರೀತೀನಿ."

ಹಪ್ಪಳದ ಮೇಲೆ ಬೆರಳಿನಿಂದ ರಂಗೋಲಿ ಎಳೆದು ಬೇರೆಯವರ ಹಪ್ಪಳದಿಂದ ತನ್ನದನ್ನು ಬೇರೆ ಮಾಡುವವಳು ಅವಳು. ಗೆರೆ ಅವಳ ಕೈಗೆ ಹೊಸದಲ್ಲ. ನನ್ನ ಹಿಂದೆಯೇ ಇನೆಸ್ ಮತ್ತು ಫರೀದಾ ಹತ್ತಿ ಬಂದಿದ್ದರು. ಇನೆಸ್ ಅವಳ ಪಕ್ಕದಲ್ಲಿ ಕೂತು ಹಾಳೆಯನ್ನು ಚೌಕ ಚೌಕವಾಗಿ ನೋಡಿದಳು. ಕೊನೆಯ ಚೌಕಕ್ಕೆ ಬಂದಾಗ ಅವಳ ಮಸಿಬೆರಳು ಅಲ್ಲೇ ನಿಂತಿತು. ತಲೆಯೆತ್ತಿ ಫರೀದಾಗೆ ಒಂದೇ ಮಾತು ಹೇಳಿದಳು. ಫರೀದಾ ಬಾಲ್ಕನಿಯ ಕಟಕಟೆಗೆ ಬಗ್ಗಿ, "ಡಾಕ್ಟರೇ, ಬೇಗ ಮೇಲೆ ಬನ್ನಿ!" ಎಂದು ಕೂಗಿದಳು.

ಡಾಕ್ಟರ್ ವಾಮನಮೂರ್ತಿ ಮುಂದಿನ ಸಾಲಿನಲ್ಲಿ ಸನ್ಮಾನದ ಹಾರ ಹಾಕಿಕೊಂಡೇ ಕೂತಿದ್ದರು. ಹಾರದ ಸಮೇತ ಬಂದು ಹಾಳೆ ಹಿಡಿದರು. ಅವರ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಇದರಲ್ಲಿ ನನ್ನ ಉತ್ಪ್ರೇಕ್ಷೆ ಏನೂ ಇಲ್ಲ.

"ಇದು ಇವತ್ತು ಬೆಳಿಗ್ಗೇನಾ?" ಎಂದು ಕೊನೆಯ ಚೌಕ ತೋರಿಸಿ ಕೇಳಿದರು.

"ಊಂ ಸ್ವಾಮಿ. ಇವತ್ತು ಮೆಟ್ಲು ಹತ್ಲೇ ಇಲ್ಲ. ಹೊಸ್ತಿಲ ಮ್ಯಾಲೆ ಸುಮ್ಕೆ ಕುಂತಿದ್ದೆ."

"ನನ್ನ ಹತ್ತಿರ ಬಂದಾಗ ನೀನು ಕೂತ ಮೇಲೆಯೇ ನಾನು ನೋಡಿದ್ದು" ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿಕೊಂಡರು. ಅವಳ ಬಾಯಿಗೆ ಒಂದು ಮಾತ್ರೆ ಹಾಕಿ ಅಗಿಯಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮರಿಬಸಪ್ಪ, ಹೃದಯ. ನನ್ನ ಹತ್ತಿರ ಇದಕ್ಕೆ ಇನ್ನೇನೂ ಇಲ್ಲ, ದೊಡ್ಡಾಸ್ಪತ್ರೆಗೆ ಈಗಲೇ ಹೋಗಬೇಕು. ಇವಳು ಇನ್ನು ಒಂದು ಮೆಟ್ಟಿಲೂ ನಡೆಯಬಾರದು, ಇಳಿಯುವುದಕ್ಕೂ."

ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ದೇಶದವರು ಹೊತ್ತಿಳಿಸಿದರು. ಐದನೆಯ ದೇಶದವನು ಸಮ್ಮೇಳನದ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದ. "ಅಂಬಾರಿ ಹತ್ತಿಸ್ದಂಗೆ ಹತ್ತಿಸ್ತಾವ್ರೆ ನೋಡು" ಎಂದಳು ಶಿವನಂಜಿ. ಅವಳ ತುಟಿ ಬೂದಿ ಬಣ್ಣವಾಗಿತ್ತು.

ಊರಬಾಗಿಲು ಮುಚ್ಚಿತ್ತು. ಅದಕ್ಕೆ ಬೆನ್ನು ಕೊಟ್ಟು ಜನ, ಜನರ ಕೈಯಲ್ಲಿ ಛತ್ರಿ, ಎಲ್ಲರ ಮುಂದೆ ಕಮಲಾಕ್ಷಮ್ಮ. ವ್ಯಾನು ನಿಂತಿತು. ಅವರು ಕಿಟಕಿಯಲ್ಲಿ ಇಣುಕಿ ಮೊದಲು ಶಿವನಂಜಿಯ ತಲೆಯ ಮೇಲೆ ನೋಡಿದರು, ಆಮೇಲೆ ಅವಳ ಮುಖ ನೋಡಿದರು, ಮತ್ತೆ ತಲೆಯ ಮೇಲೆ ನೋಡಿದರು.

"ಖಾಲಿ ಐತೆ. ಖಾಲಿ ಗುಳ್ಳೆಯವಳ್ನ ಎಲ್ಲಿಗೆ ಹೊತ್ಕಂಡು ಹೋಗ್ತಾವ್ರೆ?"

"ಕಮಲಾಕ್ಷಮ್ಮ, ಹೃದಯದ ಕಾಯಿಲೆ, ತಡ ಮಾಡಬೇಡಿ" ಎಂದರು ಡಾಕ್ಟರು.

"ನೀವೇ ಗ್ಯಾಸು ಅಂದಿದ್ರಿ ಸ್ವಾಮಿ! ಈಗ ಇವ್ರ ಹಾರ ಹಾಕಿಸ್ಕಂಡು ಹೃದಯ ಅಂತೀರಾ? ನಾಳೆ ಇನ್ನೊಬ್ಬಳನ್ನ ಒಯ್ತಾರೆ, ನಾಳಿದ್ದು ಇಡೀ ಬೀದಿ. ಗುಳ್ಳೆ ಬೇಕಲ್ಲ ಇವ್ರಿಗೆ." ಅವರ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. "ಮರಿಬಸಪ್ಪ ಓದ್ಲಿ. ಊರ ಓದುಗ ಅವ್ನು. ಗುಳ್ಳೇಲಿ ಏನೈತೆ ಅಂತ ಅವ್ನು ಓದಿದ್ರೆ ಬಾಗ್ಲು ತೆಗೀತೀನಿ."

ನಾನು ವ್ಯಾನಿನ ಮೆಟ್ಟಿಲ ಮೇಲೆ ನಿಂತೆ. ಗುಳ್ಳೆಯಲ್ಲಿ ಏನಿದೆ? ಏನೂ ಇಲ್ಲ. ಒಂದೇ ಒಂದು ಪದ ಹುಟ್ಟಿಸಿ ಹೇಳಿದ್ದರೂ ಸಾಕಿತ್ತೇನೋ, ಹುಟ್ಟಿಸಿ ಹೇಳುವುದರಲ್ಲಿ ನನಗೆ ಸಮಾನರೂ ಇಲ್ಲ. ಆದರೆ ಗುಳ್ಳೆ ಖಾಲಿ ಇರುವುದು ಎಲ್ಲರ ಕಣ್ಣಿಗೂ ಕಾಣುತ್ತಿದೆ. ಅಲ್ಲಿ ಸುಳ್ಳು ಓದಿದರೆ ಬಾಗಿಲು ತೆರೆಯುವುದಿರಲಿ, ಇನ್ನು ಮುಂದೆ ನಾನು ಓದಿದ ಯಾರ ನೋವನ್ನೂ ಯಾರೂ ನಂಬುವುದಿಲ್ಲ. ಅಷ್ಟರಲ್ಲಿ ಶಿವನಂಜಿ ಕಿಟಕಿಯಿಂದ ಕೈ ಚಾಚಿ ಹಾಳೆಯನ್ನು ನನ್ನ ಕೈಗೆ ತುರುಕಿದಳು. "ಇದ್ನ ಓದು" ಎಂದಳು. "ಇರೋದೇ ಓದು."

"ಅದು ಕಾಗದದ್ದು! ಅದು ಲೆಕ್ಕಕ್ಕಿಲ್ಲ!" ಎಂದು ಯಾರೋ ಕೂಗಿದರು.

ನಾನು ಓದತೊಡಗಿದೆ. ಎಲ್ಲಿ ಹೋಯಿತೋ ನನ್ನ ದನಿ, ಹೆಂಚು ಕುಣಿಸುವ ಆ ದನಿ. ಬಾಯಿಂದ ಬಂದದ್ದು ಪಕ್ಕದವರಿಗೆ ಮಾತ್ರ ಕೇಳುವಂಥದ್ದು. "ಮೊದಲ ಚೌಕ. ಹೆಂಗಸು, ತಲೆಯ ಮೇಲೆ ಬುಟ್ಟಿ, ಮೆಟ್ಟಿಲ ಬುಡದಲ್ಲಿ ನಿಂತಿದ್ದಾಳೆ. ಏನೂ ಆಗಿಲ್ಲ."

"ಏನಂದ? ಕೇಳಿಸ್ತಿಲ್ಲ!" ಹಿಂದಿನವರು ಎರಡು ಹೆಜ್ಜೆ ಮುಂದೆ ಬಂದರು.

"ಎರಡನೇ ಚೌಕ. ಅರ್ಧ ಹತ್ತಿದ್ದಾಳೆ. ಬೆನ್ನ ಮೇಲೆ ರುಬ್ಬುಗುಂಡು ಕೂತಿದೆ. ದವಡೆಗೆ ಒಂದು ಹಗ್ಗ ಕಟ್ಟಿದೆ, ಹಗ್ಗದ ಇನ್ನೊಂದು ತುದಿಯನ್ನು ಅವಳ ಎಡಗೈಗೆ ಬಿಗಿದು ಯಾರೋ ಎಳೆಯುತ್ತಿದ್ದಾರೆ. ಎಳೆಯುವವರಿಗೆ ಮುಖ ಇಲ್ಲ. ತಲೆಯ ಮೇಲೆ ಗುಳ್ಳೆ ಎದ್ದಿದೆ. ಮೂರನೇ ಚೌಕ. ದರ್ಜಿ ಅಂಗಡಿಯ ಮುಂದೆ ಕೂತಿದ್ದಾಳೆ. ಹಗ್ಗ ಬಿಚ್ಚಿ ನೆಲದ ಮೇಲೆ ಬಿದ್ದಿದೆ, ಗುಂಡು ಇಲ್ಲ. ಗುಳ್ಳೆ ಇದೆ, ಅಕ್ಷರ ಬರುವ ಮೊದಲೇ ನೋವು ಹೋಗಿದೆ. ನಾಲ್ಕನೇ ಚೌಕ. ಡಾಕ್ಟರ ಬೆಂಚು. ಕೂತಿದ್ದಾಳೆ. ಹಗ್ಗ ಇಲ್ಲ. ಗುಳ್ಳೆ ಖಾಲಿ."

ಜನ ಇನ್ನೂ ಹತ್ತಿರ ಬಂದರು. ಛತ್ರಿಗಳು ಕೆಳಗಿಳಿದಿದ್ದವು. ದರ್ಜಿ ಚಿಕ್ಕೀರಪ್ಪ ತನ್ನ ಅಂಗಡಿಯ ಹೆಸರು ಕೇಳಿ ಬಾಯಿ ತೆರೆದವನು ಹಾಗೇ ನಿಂತಿದ್ದ.

"ಐದನೇ ಚೌಕದಲ್ಲಿ ಮೂರು ಮೆಟ್ಟಿಲಸಾಲು ಬರೆದಿದೆ. ಮೊದಲು ಮೇಲಿನ ಕಟ್ಟೆಯಲ್ಲಿ ನಿಂತಿದ್ದಾಳೆ. ಆಮೇಲೆ ನಡುವಿನ ಕಟ್ಟೆಯಲ್ಲಿ. ಆಮೇಲೆ ಬುಡದಲ್ಲಿ." ನಾನು ಹಾಳೆಯನ್ನು ಕಣ್ಣಿಗೆ ಹತ್ತಿರ ತಂದೆ. "ಕೊನೆಯ ಚೌಕ. ಇವತ್ತು ಬೆಳಿಗ್ಗೆ. ಮನೆಯ ಹೊಸ್ತಿಲು. ಬುಟ್ಟಿ ನೆಲದ ಮೇಲಿದೆ, ಎತ್ತೇ ಇಲ್ಲ. ಹಗ್ಗ ಕಟ್ಟಿದೆ."

ಅಲ್ಲಿಗೆ ಮುಗಿಯಿತು. ಅದರ ಮುಂದೆ ಅವಳು ಏನೂ ಬರೆದಿರಲಿಲ್ಲ. ನಾನೂ ಏನೂ ಸೇರಿಸಲಿಲ್ಲ.

ಮೊದಲು ಕಂಡವರು ಹಯಾತ್ ಸಾಬರು. "ಯಾ ಅಲ್ಲಾ, ನೋಡಿ" ಎಂದರು. ಶಿವನಂಜಿಯ ತಲೆಯ ಮೇಲೆ ಬೇಸಿಗೆಯುದ್ದಕ್ಕೂ ಜಪ್ಪಯ್ಯ ಎಂದರೂ ಅಲುಗದೆ ನಿಂತಿದ್ದ ಆ ಗುಳ್ಳೆ ಅಂಚಿನಿಂದ ತೆಳ್ಳಗಾಗುತ್ತ, ಬಿಸಿ ಬಾಣಲೆಯ ಮೇಲಿನ ನೀರಹನಿಯಂತೆ ಚಿಕ್ಕದಾಗುತ್ತ, ಇಲ್ಲವಾಯಿತು. ಕಮಲಾಕ್ಷಮ್ಮ ಖಾಲಿ ಗಾಳಿಯನ್ನು ನೋಡುತ್ತ ನಿಂತರು. ಊರಬಾಗಿಲ ಹತ್ತಿರ ಆಗ ಯಾರೂ ಇರಲಿಲ್ಲ. ನನ್ನ ದನಿ ಕೇಳಿಸದೆ ಎಲ್ಲರೂ ವ್ಯಾನಿನ ಸುತ್ತ ಸೇರಿಬಿಟ್ಟಿದ್ದರು. ಕಮಲಾಕ್ಷಮ್ಮ ತಾವೇ ಓಡಿ ಹೋಗಿ ಅಗುಳಿ ಎಳೆದರು.

ದೊಡ್ಡಾಸ್ಪತ್ರೆಯಲ್ಲಿ ಅವಳ ರಕ್ತನಾಳದೊಳಗೆ ಸ್ಪ್ರಿಂಗು ಕೂರಿಸಿದರು. ಅಕ್ಕಿಕಾಳಿನಷ್ಟು ಎಂದು ಫರೀದಾ ಹೇಳಿದಳು. ನಾನು ಊರಿಗೆ ಬಂದು ರೈಲಿನ ಗಾಲಿಗೆ ಹಾಕುವಂಥದ್ದು ಎಂದು ಹೇಳಿದ್ದೇನೆ, ನೀವೂ ಹಾಗೇ ಹೇಳಿ. ಊರ ಗಡಿ ದಾಟಿದರೆ ನಮಗೂ ಗುಳ್ಳೆ ಏಳುವುದಿಲ್ಲ. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅವಳ ತಲೆಯ ಮೇಲ್ಗಡೆ ನಾನು ಮತ್ತೆ ಮತ್ತೆ ನೋಡಿದೆ. ಬರೀ ಗೋಡೆ. ಅವಳಿಗೆ ಏನಾಗುತ್ತಿದೆ ಎಂದು ತಿಳಿಯಲು ಅವಳ ಮುಖ ನೋಡುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ನಾವು ಹಿಂದಿರುಗುವಷ್ಟರಲ್ಲಿ ಸಮ್ಮೇಳನ ಮುಗಿದು ನಾನೂರು ದೇಶದವರೂ ಹೊರಟುಹೋಗಿದ್ದರು. ಸಮ್ಮೇಳನವನ್ನು ಊರಿಗೆ ಕರೆಸಿದ್ದು ತಾನೇ ಎಂದು ಕಮಲಾಕ್ಷಮ್ಮ ಹೇಳಿಕೊಂಡು ತಿರುಗುತ್ತಿದ್ದರು. ಪೆಟ್ಟಿಗೆಗಳನ್ನು ಮಾತ್ರ ಒಂದೂ ಬಿಡದೆ ಬಿಚ್ಚಿಸಿ ನೋಡಿಯೇ ಕಳಿಸಿದರಂತೆ. ಡಾಕ್ಟರ ಬೆಂಚಿನ ಪಕ್ಕದಲ್ಲಿ ಈಗ ಚೌಕದ ಹಾಳೆಗಳ ಕಟ್ಟು, ದಾರ ಕಟ್ಟಿದ ಪೆನ್ಸಿಲು. ಜನ ಇನ್ನೂ ಪೂರ್ತಿ ನಂಬಿಲ್ಲ. ಬರೆಯುವಾಗ ಎಡಗೈಯಿಂದ ಮರೆ ಮಾಡಿಕೊಂಡೇ ಬರೆಯುತ್ತಾರೆ. ಆದರೆ ಹಯಾತ್ ಸಾಬರ ಅಂಗಡಿಯಲ್ಲಿ ದೊಡ್ಡ ಕಪ್ಪು ಛತ್ರಿಗಳು ಒಂದೊಂದಾಗಿ ವಾಪಸು ಬರುತ್ತಿವೆ. ಅವುಗಳ ಕೆಳಗೆ ಎಷ್ಟು ಖಾಲಿ ಗುಳ್ಳೆಗಳು ಅವಿತಿದ್ದವೋ! ಹಯಾತ್ ಸಾಬರ ಹೆಂಡತಿಯದೇ ಒಂದಿತ್ತು. ಶಿವನಂಜಿಯ ಹಾಳೆ ನಮ್ಮ ಮನೆಯ ಗೋಡೆಯ ಮೇಲಿದೆ. ದಿನಾ ಓದುತ್ತೇನೆ, ಕರಗುವುದಿಲ್ಲ.

ಹಪ್ಪಳದ ಬುಟ್ಟಿಯನ್ನು ಈಗ ನಾನೇ ಹೊತ್ತು ಹತ್ತುತ್ತೇನೆ. ಒಂದು ಕೈಯಲ್ಲಿ, ಓಡುತ್ತ. ನಿನ್ನೆ ಬುಟ್ಟಿ ಇಳಿಸಿ ಮನೆಗೆ ಬಂದಾಗ ಶಿವನಂಜಿ ಹಿಟ್ಟು ನಾದುವುದು ನಿಲ್ಲಿಸಿ ನನ್ನ ತಲೆಯ ಮೇಲೆ ನೋಡಿದಳು. ನಾನೂ ಕನ್ನಡಿಯಲ್ಲಿ ನೋಡಿಕೊಂಡೆ. ಒಂದು ಗುಳ್ಳೆ. ಊರಿಗೆ ಹಿಂದಿರುಗಿದ ದಿನದಿಂದ ಇತ್ತಂತೆ, ಅವಳು ಸುಮ್ಮನಿದ್ದಳಂತೆ. ನನ್ನ ಹಿಂದಿನ ಗುಳ್ಳೆಗಳ ಮುಂದೆ ಇದು ನಿಂಬೆಹಣ್ಣಿನಷ್ಟೂ ಇಲ್ಲ. ಕಾಫಿ ತಂದಿಟ್ಟಳು, ಕಾಫಿ ಆರಿತು, ಅಕ್ಷರ ಮೂಡಲಿಲ್ಲ.

"ಖಾಲಿ" ಎಂದೆ. "ನಾಟಕ ಇರ್ಬೇಕು."

ಅವಳು ಸೆರಗಿಗೆ ಕೈ ಒರೆಸಿಕೊಂಡು, ಒಂದು ಹಾಳೆ, ಒಂದು ಪೆನ್ಸಿಲು ತಂದು ನನ್ನ ಮುಂದಿಟ್ಟಳು. "ಬರಿ. ಚೌಕದ ಒಳಗೇ ಇರ್ಲಿ, ಗೋಡೆಗೆಲ್ಲ ಹೋಗ್ಬ್ಯಾಡ."

ಬರೆದೆ. ಒಂದೇ ಚೌಕ, ಅದರಲ್ಲೊಂದು ಆಸ್ಪತ್ರೆಯ ಮಂಚ. ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬೀದಿಗೆ ಕೇಳುವಂತೆ ಓದಬೇಕಾದ್ದು ವಾಡಿಕೆ. ಅವಳು ನನ್ನ ಕಿವಿಯ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ ಓದಿದಳು. ಕನ್ನಡಿಯಲ್ಲಿ ಗುಳ್ಳೆ ಕರಗಿತು. ಏನೆಂದು ಓದಿದಳು ಅಂತ ಮಾತ್ರ ಕೇಳಬೇಡಿ. ಕೇಳಿದರೆ ದೊಡ್ಡದು ಮಾಡಿ ಹೇಳಿಬಿಡುತ್ತೇನೆ.